ಊರಿನ ರೈತರಿಗೆ ನೆರವು ಕೊಡುವುದು ಹೇಗೆ? ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೊಂದು ಮಾರ್ಗದರ್ಶಿ

"ನಮ್ಮೂರು ಜೇವರ್ಗಿ ತಾಲ್ಲೂಕಿನಲ್ಲಿದೆ. ನಾನೀಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರಿನ ಬಡ ರೈತರಿಗೆ ಏನಾದರೂ ಮಾಡಬೇಕು ಅಂತ ಒಂದು ಲಕ್ಷ ತೆಗೆದಿಟ್ಟಿದ್ದೇನೆ. ಯಾರಿಗೆ ಕೊಡಲಿ? ಹೇಗೆ ಕೊಡಲಿ?"

ಓದುಗರು ನನಗೆ ಮತ್ತೆ ಮತ್ತೆ ಕೇಳುವುದು ಇದನ್ನೇ. ಊರು ಆಳಂದ ಆಗಿರುತ್ತದೆ, ಸುರಪುರ ಆಗಿರುತ್ತದೆ, ಔರಾದ್ ಆಗಿರುತ್ತದೆ. ಮೊತ್ತ ಹತ್ತು ಸಾವಿರ ಇರಬಹುದು, ಹತ್ತು ಲಕ್ಷ ಇರಬಹುದು. ಪ್ರಶ್ನೆ ಮಾತ್ರ ಅದೇ. 2025ರ ಆಗಸ್ಟ್–ಸೆಪ್ಟೆಂಬರ್ ಮಳೆ ಮತ್ತು ಭೀಮಾ ಪ್ರವಾಹದಲ್ಲಿ ಹೊಲಗಳು ನೀರಲ್ಲಿ ನಿಂತ ಮೇಲೆ ಕೇಳುವವರು ಇನ್ನೂ ಜಾಸ್ತಿಯಾಗಿದ್ದಾರೆ. ಹಾಗಾಗಿ ಒಂದೇ ಕಡೆ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ನೆರೆ ಬಂದ ವಾರ ಊಟ, ಹೊದಿಕೆ, ದನಕ್ಕೆ ಮೇವು ಕೊಡುವುದಕ್ಕೆ ಈ ಲೇಖನ ನೋಡಬೇಕಾಗಿಲ್ಲ. ಅದನ್ನು ಯಾವ ಲೆಕ್ಕವನ್ನೂ ಕೇಳದೆ ಕೊಡಿ. ಶರಣಬಸವೇಶ್ವರರ ದಾಸೋಹ ಕಂಡ ನೆಲ ನಮ್ಮದು, ಹಸಿದವರಿಗೆ ಹಾಕುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಹೇಳುತ್ತಿರುವುದು ಅದರ ಪಕ್ಕದ ಕೆಲಸ: ಮುಂದಿನ ವರ್ಷ ಆ ಮನೆಯವರು ಯಾರ ಮುಂದೆಯೂ ಕೈಚಾಚದ ಹಾಗೆ ಕೊಡುವುದು. ಅದಕ್ಕೆ ನನ್ನದು ಒಂದೇ ಅಳತೆ. ಕೊಟ್ಟ ದುಡ್ಡು ನಿಮಗೆ ವಾಪಸ್ ಬರಬೇಕಾಗಿಲ್ಲ, ಆದರೆ ಖರ್ಚಾಗಿ ಮುಗಿದೂ ಹೋಗಬಾರದು. ಊರೊಳಗೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ತಿರುಗುತ್ತಿರಬೇಕು.

ನಿಮ್ಮಲ್ಲಿ ಇರಬೇಕಾದ್ದು

ಮೂರು ವರ್ಷದ ತಾಳ್ಮೆ. ವರ್ಷಕ್ಕೆ ಎರಡು ಸಲವಾದರೂ ಊರಿಗೆ ಹೋಗಿ ಬರುವಷ್ಟು ಬಿಡುವು. ಊರಲ್ಲಿ ನಿಮಗೆ ನಿಜ ಹೇಳುವ ಒಬ್ಬರು, ಅದು ಅಂಗನವಾಡಿ ಕಾರ್ಯಕರ್ತೆ ಇರಬಹುದು, ಶಾಲೆಯ ಮಾಸ್ತರು ಇರಬಹುದು. ಸ್ವಂತ ಅಣ್ಣ ತಮ್ಮ ಬೇಡ, ಮುಂದೆ ಲೆಕ್ಕ ಕೇಳುವಾಗ ಮನೆಯೊಳಗೇ ಮನಸ್ತಾಪ ಬರುತ್ತದೆ. ದುಡ್ಡು ಎಷ್ಟಿದ್ದರೂ ನಡೆಯುತ್ತದೆ. ಐವತ್ತು ಸಾವಿರದಲ್ಲಿ ಊರಿನ ಒಂದು ಮಹಿಳಾ ಸ್ವಸಹಾಯ ಸಂಘದ ಬೀಜದ ಚಿಂತೆ ದೂರ ಮಾಡಬಹುದು.

ಹಂತ 1: ಊರಿನ ದುಡ್ಡು ಎಲ್ಲಿ ಸೋರುತ್ತಿದೆ ನೋಡಿ

ಮೂರು ಎಕರೆ ಎರೆ ಹೊಲ ಇರುವ ಒಂದು ಮನೆ ಅಂದುಕೊಳ್ಳಿ. ಮಿರಗ ಮಳೆ ಹತ್ತಿರ ಬಂತು. ಬೀಜ, ಗೊಬ್ಬರ, ಹರಗುವ ಬಾಡಿಗೆ ಎಲ್ಲ ಸೇರಿ 20,000 ರೂಪಾಯಿ ಕೈಗಡ ತಂದರು. ಬಡ್ಡಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ತಿಂಗಳಿಗೆ 600 ಆಯಿತು. ಜೂನ್‌ನಿಂದ ತೊಗರಿ ರಾಶಿಯವರೆಗೆ (ರಾಶಿ ಅಂದರೆ ಬೆಳೆ ಕೊಯ್ದು ಕಾಳು ಒಕ್ಕುವುದು) ಏಳು ತಿಂಗಳು ಹಿಡಿದರೆ ಬಡ್ಡಿಯೇ 4,200. ಅಷ್ಟಕ್ಕೇ ಮುಗಿಯುವುದಿಲ್ಲ. ಸಾಲ ಕೊಟ್ಟವರು ಅಡತ್ ಅಂಗಡಿಯವರೇ ಆಗಿದ್ದರೆ (ಅಡತ್ ಅಂದರೆ ಗಂಜ್ ಎನ್ನುವ ಕೃಷಿ ಮಾರುಕಟ್ಟೆಯಲ್ಲಿ ರೈತರ ಮಾಲು ಮಾರಿಸಿಕೊಟ್ಟು ಕಮಿಷನ್ ಪಡೆಯುವ ಅಂಗಡಿ) ಮಾಲನ್ನು ಅಲ್ಲಿಗೇ ಒಯ್ಯಬೇಕು. ಅದೂ ರಾಶಿ ಆದ ಕೂಡಲೇ. ಎಲ್ಲರ ತೊಗರಿಯೂ ಒಟ್ಟಿಗೆ ಬಂದು ದರ ಬಿದ್ದಿರುವ ಹೊತ್ತು ಅದು. ಎರಡು ತಿಂಗಳು ತಡೆದು ಮಾರುವ ಶಕ್ತಿ ಈ ಮನೆಗಿಲ್ಲ.

ಇಂಥ ತೂತುಗಳು ಊರಿಂದ ಊರಿಗೆ ಬೇರೆ. ಒಂದು ಕಡೆ ನೆಟೆ ರೋಗ, ಅಂದರೆ ತೊಗರಿ ಗಿಡ ಬೇರಿನಿಂದಲೇ ಸೊರಗಿ ನಿಂತಲ್ಲೇ ಒಣಗುವುದು. ಇನ್ನೊಂದು ಕಡೆ ಹೂ ಬಿಡುವ ಹೊತ್ತಿಗೆ ಹದಿನೈದು ದಿನ ಮಳೆ ಕೈಕೊಡುವುದು. ಮತ್ತೊಂದು ಕಡೆ ಆಸ್ಪತ್ರೆಯ ಖರ್ಚು. ಚಿಂಚೋಳಿ ಕಡೆಯ ತಾಂಡಾಗಳಲ್ಲಿ ಕೇಳಿದರೆ ಮೊದಲು ಬರುವ ಮಾತು ಗುಳೆ, ಮನೆಮಂದಿಯೆಲ್ಲ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುವುದು.

ಊರಿಗೆ ಹೋದಾಗ "ನಿಮಗೇನು ಬೇಕು?" ಅಂತ ಕೇಳಬೇಡಿ. ಕೇಳಿದರೆ ಬೋರ್‌ವೆಲ್, ಸಮುದಾಯ ಭವನ, ದೇವಸ್ಥಾನದ ಕಳಸ ಇವೇ ಪಟ್ಟಿಯಲ್ಲಿ ಬರುತ್ತವೆ. ಹೀಗೆ ಕೇಳಿ: "ಹೋದ ವರ್ಷ ಯಾವ ತಿಂಗಳು ಸಾಲ ತಂದಿರಿ? ಯಾತಕ್ಕೆ? ಎಷ್ಟು ಬಡ್ಡಿ? ಯಾವಾಗ ತೀರಿತು?" ಇಪ್ಪತ್ತು ಮನೆಗಳಲ್ಲಿ ಇದೊಂದನ್ನೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಸೋರುವ ಜಾಗ ತಾನಾಗಿ ಕಾಣುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಹೋಗುವ ಹೊತ್ತಿನಲ್ಲಿ. ರಜೆ ಸಿಕ್ಕಿತು ಅಂತ ಏಪ್ರಿಲ್‌ನಲ್ಲಿ ಹೋಗುತ್ತಾರೆ. ಆಗ ಊರಿನ ತೀರಾ ಬಡವರು ಊರಲ್ಲೇ ಇರುವುದಿಲ್ಲ, ಗುಳೆ ಹೋಗಿರುತ್ತಾರೆ. ಕಟ್ಟೆ ಮೇಲೆ ಸಿಗುವವರು ಉಳಿದವರು. ಅವರ ಮಾತು ಕೇಳಿಯೇ ಯೋಜನೆ ಹಾಕಿದರೆ ಯಾರಿಗೆ ತಲುಪಬೇಕಿತ್ತೋ ಅವರಿಗೆ ತಲುಪುವುದಿಲ್ಲ. ಜೂನ್ ಮೊದಲ ವಾರ ಹೋಗಿ, ಇಲ್ಲವೇ ಎಳ್ಳು ಅಮಾವಾಸ್ಯೆಗೆ ಹೋಗಿ. ಆ ದಿನ ಹೊಲಕ್ಕೆ ಎಡೆ ಚೆಲ್ಲಿ ಪೂಜಿಸುವ ಚರಗಕ್ಕೆ ಹೊರಗಿದ್ದವರೂ ಊರಿಗೆ ಬಂದಿರುತ್ತಾರೆ. ಹೊಲದಲ್ಲೇ ಕೂತು ಮಾತಾಡಬಹುದು. ಹೆಣ್ಣುಮಕ್ಕಳನ್ನು ಬೇರೆಯಾಗಿ ಕೂರಿಸಿ ಮಾತಾಡಿಸಿ, ಅದೂ ರಾತ್ರಿ ರೊಟ್ಟಿ ಬಡಿದು ಮುಗಿದ ಮೇಲೆ. ಬಡ್ಡಿಯ ನಿಜವಾದ ಲೆಕ್ಕ ಅವರ ಬಾಯಲ್ಲಿರುತ್ತದೆ.

ಹಂತ 2: ಸರ್ಕಾರದಿಂದ ಬರಬೇಕಾದ್ದನ್ನು ಮೊದಲು ಬರುವಂತೆ ಮಾಡಿ

ನಿಮ್ಮ ಒಂದು ರೂಪಾಯಿಗೆ ಅತಿ ಹೆಚ್ಚು ಫಲ ಸಿಗುವ ಜಾಗ ಇದು. ಆದರೆ ದಾನ ಕೊಡುವವರು ಇತ್ತ ನೋಡುವುದೇ ಕಡಿಮೆ, ಯಾಕೆಂದರೆ ಇಲ್ಲಿ ಉದ್ಘಾಟನೆ ಇಲ್ಲ, ಫೋಟೊ ಇಲ್ಲ.

ಪೌತಿ ಖಾತೆಯನ್ನೇ ತೆಗೆದುಕೊಳ್ಳಿ. ಜಮೀನಿನ ಯಜಮಾನ ತೀರಿಕೊಂಡ ಮೇಲೆ ಪಹಣಿಯಲ್ಲಿ ವಾರಸುದಾರರ ಹೆಸರು ಸೇರಿಸುವುದಕ್ಕೆ ಪೌತಿ ಖಾತೆ ಅನ್ನುತ್ತಾರೆ. ಗಂಡ ಹೋಗಿ ಐದಾರು ವರ್ಷವಾದರೂ ಪಹಣಿ ಸತ್ತವರ ಹೆಸರಲ್ಲೇ, ಕೆಲವು ಕಡೆ ಮಾವನ ಹೆಸರಲ್ಲೇ ಇರುವ ಮನೆಗಳು ಎಷ್ಟೋ. ಆ ಹೆಣ್ಣುಮಗಳು ದಿನವೂ ಅದೇ ಹೊಲದಲ್ಲಿ ದುಡಿಯುತ್ತಾಳೆ. ಕಾಗದದ ಮೇಲೆ ಮಾತ್ರ ಆಕೆ ರೈತಳಲ್ಲ. ಹಾಗಾಗಿ ಬೆಳೆ ಸಾಲ ಇಲ್ಲ, ಬೆಳೆ ಪರಿಹಾರ ಇಲ್ಲ, ವಿಮೆ ಇಲ್ಲ. ಬೇಕಾಗುವುದು ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್, ನಾಡಕಚೇರಿಯಲ್ಲಿ ಅರ್ಜಿ. ಜೊತೆಗೆ ನಾಲ್ಕೈದು ಸಲ ಕೂಲಿ ಬಿಟ್ಟು ಓಡಾಡುವ ಶಕ್ತಿ. ಆ ಓಡಾಟದ ಬಸ್ ಚಾರ್ಜು, ತಪ್ಪಿದ ಕೂಲಿ, ಜೊತೆಗೆ ಹೋಗುವ ಒಬ್ಬ ಓದಿದ ಹುಡುಗಿಗೆ ಸಣ್ಣ ಗೌರವಧನ, ಇಷ್ಟನ್ನು ನೀವು ಕೊಟ್ಟರೆ ಒಂದು ಮನೆಗೆ ಹತ್ತು ಬಾಗಿಲು ತೆರೆಯುತ್ತವೆ. ದಯವಿಟ್ಟು ಲಂಚಕ್ಕೆ ಅಂತ ಒಂದು ಪೈಸೆಯನ್ನೂ ಸೇರಿಸಬೇಡಿ. ಒಮ್ಮೆ ಕೊಟ್ಟರೆ ಮುಂದಿನ ಎಲ್ಲ ಬಡವರಿಗೂ ಅದೇ ದರ ಆಗುತ್ತದೆ.

ಪಹಣಿ ಸರಿಯಾದ ಮೇಲೆ ಫ್ರೂಟ್ಸ್ ಐಡಿ ಮಾಡಿಸಬೇಕು. ರೈತರ ಜಮೀನು, ಆಧಾರ್, ಬ್ಯಾಂಕ್ ಖಾತೆ ಎಲ್ಲವನ್ನೂ ಜೋಡಿಸುವ ರಾಜ್ಯ ಸರ್ಕಾರದ ನೋಂದಣಿ ಸಂಖ್ಯೆ ಅದು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಆಗುತ್ತದೆ. ಇದಿಲ್ಲದೆ ರಿಯಾಯಿತಿ ಬೀಜದಿಂದ ಹಿಡಿದು ಬೆಂಬಲ ಬೆಲೆಯ ಖರೀದಿವರೆಗೆ ಎಲ್ಲದಕ್ಕೂ ತೊಡಕು.

ನಂತರ ಬೆಳೆ ವಿಮೆ. ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತರು ಕಟ್ಟಬೇಕಾದ್ದು ವಿಮಾ ಮೊತ್ತದ 2%, ಹಿಂಗಾರಿಗೆ 1.5%. 20,000 ರೂಪಾಯಿ ವಿಮೆಗೆ 400 ರೂಪಾಯಿ. ಬಿತ್ತನೆ ಹೊತ್ತಿನಲ್ಲಿ ಆ ನಾನೂರೂ ಕೈಯಲ್ಲಿರುವುದಿಲ್ಲ. ಸಂಘದ ನಿಧಿಯಿಂದ ಕಟ್ಟಿ, ರಾಶಿ ಆದ ಮೇಲೆ ವಾಪಸ್ ತುಂಬುವ ಹಾಗೆ ಮಾಡಿ. ಇಲ್ಲೊಂದು ಎಚ್ಚರ: ವಿಮೆಗೆ ಬರೆಸಿದ ಬೆಳೆಯೇ ಸರ್ಕಾರದ ಬೆಳೆ ಸಮೀಕ್ಷೆಯಲ್ಲೂ ಇರಬೇಕು. ವಿಮೆ ತೊಗರಿಗೆ, ಸಮೀಕ್ಷೆಯಲ್ಲಿ ಹತ್ತಿ ಅಂತಾದರೆ ಪರಿಹಾರ ನಿಂತುಹೋಗುತ್ತದೆ.

ಸಹಕಾರ ಸಂಘದ ಸಾಲವನ್ನೂ ಕೇಳಿ ನೋಡಿ. ರಾಜ್ಯದಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಅಲ್ಪಾವಧಿ ಬೆಳೆ ಸಾಲಕ್ಕೆ, ಹೊತ್ತಿಗೆ ಸರಿಯಾಗಿ ಕಟ್ಟಿದರೆ, ಬಡ್ಡಿ ಇಲ್ಲ. 2023ರಲ್ಲಿ ಇದರ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಸದಸ್ಯತ್ವದ ಷೇರು ಹಣ ಇಲ್ಲ ಅನ್ನುವ ಕಾರಣಕ್ಕೇ ಹೊರಗುಳಿದವರಿದ್ದಾರೆ.

ಇದೆಲ್ಲ ಆದರೂ ಕೆಲವರು ಉಳಿಯುತ್ತಾರೆ. ಲಾವಣಿ ಹಾಕಿಕೊಂಡು ಬೇರೆಯವರ ಹೊಲ ಮಾಡುವವರು (ಲಾವಣಿ ಅಂದರೆ ವರ್ಷಕ್ಕೆ ಇಷ್ಟು ಅಂತ ಕೊಟ್ಟು ಹೊಲ ಗುತ್ತಿಗೆ ಹಿಡಿಯುವುದು, ನಮ್ಮ ಕಡೆ ಬಹುತೇಕ ಬಾಯಿಮಾತಿನದು) ಮತ್ತು ಹೊಲವೇ ಇಲ್ಲದ ಕೂಲಿಕಾರರು. ಮೇಲೆ ಹೇಳಿದ ಯೋಜನೆಗಳು ಇವರ ಹತ್ತಿರ ಬರುವುದು ಕಡಿಮೆ. ನಿಮ್ಮ ಸ್ವಂತ ದುಡ್ಡು ಮೊದಲು ಹೋಗಬೇಕಾದ್ದು ಇವರಿಗೆ.

ಹಂತ 3: ಯಾರ ಕೈಗೆ ಕೊಡಬೇಕು, ತೀರ್ಮಾನಿಸಿ

ಮೂರು ದಾರಿ ಇವೆ.

ಮೊದಲನೆಯದು ಮಹಿಳಾ ಸ್ವಸಹಾಯ ಸಂಘ. ಹತ್ತರಿಂದ ಇಪ್ಪತ್ತು ಹೆಂಗಸರು ಸೇರಿ ಉಳಿತಾಯ ಮಾಡಿ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಗುಂಪು. ಸ್ತ್ರೀಶಕ್ತಿ, ಸಂಜೀವಿನಿ ಅಂತ ಬೇರೆ ಬೇರೆ ಹೆಸರಲ್ಲಿ ಪ್ರತಿ ಊರಲ್ಲೂ ಇವೆ. ಸಣ್ಣ ಮೊತ್ತಕ್ಕೆ ನನ್ನ ಆಯ್ಕೆ ಇದೇ. ಸಂಘ ಗಟ್ಟಿಯಾಗಿದೆಯೋ ಇಲ್ಲವೋ ತಿಳಿಯಲು ಅದರ ಸಭೆಗೆ ಹೋಗಿ ಸುಮ್ನೆ ಕೂತು ನೋಡಿ. ಆಳಂದ ತಾಲ್ಲೂಕಿನ ಒಂದು ಊರಲ್ಲಿ ನಾನು ನೋಡಿದ ಸಭೆ ಹೀಗಿತ್ತು: ಬೇವಿನ ಮರದ ಕೆಳಗೆ ತಾಡಪತ್ರಿ ಹಾಸಿ ಹನ್ನೆರಡು ಮಂದಿ. ಮಧ್ಯದಲ್ಲಿ ತಗಡಿನ ಪೆಟ್ಟಿಗೆ. ಒಬ್ಬೊಬ್ಬರೇ ಎದ್ದು ತಮ್ಮ ವಾರದ ದುಡ್ಡು ಇಟ್ಟು, ಎಷ್ಟು ಅಂತ ಗಟ್ಟಿಯಾಗಿ ಹೇಳಿದರು. ಓದು ಬಾರದ ಒಬ್ಬ ಅಮ್ಮ ತನ್ನ ಪಾಸ್‌ಬುಕ್ಕಿನಲ್ಲಿ ಸಾಲ ಎಷ್ಟು ಉಳಿದಿದೆ ಅಂತ ನೋಡದೆಯೇ ಹೇಳಿದರು. ಪುಸ್ತಕದಲ್ಲೂ ಅಷ್ಟೇ ಇತ್ತು. ಹೀಗೆ ಎಲ್ಲರಿಗೂ ಎಲ್ಲರ ಲೆಕ್ಕ ಗೊತ್ತಿರುವ ಸಂಘಕ್ಕೆ ಕಣ್ಣುಮುಚ್ಚಿ ಕೊಡಬಹುದು. ಲೆಕ್ಕದ ಪುಸ್ತಕ "ಅಧ್ಯಕ್ಷರ ಮನೆಯಲ್ಲಿದೆ, ಅವರು ಊರಿಗೆ ಹೋಗಿದ್ದಾರೆ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಎರಡನೆಯದು ರೈತ ಉತ್ಪಾದಕ ಕಂಪನಿ. ರೈತರೇ ಷೇರುದಾರರಾಗಿ ಬೀಜ-ಗೊಬ್ಬರ ಒಟ್ಟಿಗೆ ಕೊಂಡು, ಮಾಲು ಒಟ್ಟಿಗೆ ಮಾರುವ ಕಂಪನಿ. 2020ರಲ್ಲಿ ಕೇಂದ್ರ ಸರ್ಕಾರ ಇಂಥ 10,000 ಸಂಸ್ಥೆ ಕಟ್ಟುವ ಯೋಜನೆ ಶುರುಮಾಡಿದ ಮೇಲೆ ತಾಲ್ಲೂಕಿಗೆ ಒಂದೆರಡು ಕಾಣಸಿಗುತ್ತವೆ. ಉಗ್ರಾಣ, ಬೇಳೆ ಮಾಡುವ ಯಂತ್ರದಂಥ ದೊಡ್ಡ ಕೆಲಸಕ್ಕೆ ಇವು ಸರಿ. ಆದರೆ ಕಾಗದದ ಮೇಲೆ ಮಾತ್ರ ಇರುವ ಕಂಪನಿಗಳೂ ಇವೆ. ಕಳೆದ ವರ್ಷ ಎಷ್ಟು ಕ್ವಿಂಟಲ್ ಮಾಲು ಮಾರಿದಿರಿ, ಎಷ್ಟು ಷೇರುದಾರರು ನಿಮಗೇ ಮಾರಿದರು ಅಂತ ಕೇಳಿ.

ಮೂರನೆಯದು ಸೇವಾ ಸಂಸ್ಥೆ. ದೊಡ್ಡ ಮೊತ್ತ ಕೊಡುವವರಿಗೆ, ತೆರಿಗೆ ರಿಯಾಯಿತಿ ಬೇಕಾದವರಿಗೆ ಇದೇ ದಾರಿ. ಸಂಸ್ಥೆಯ ನೋಂದಣಿ ಪತ್ರ, ಮೂರು ವರ್ಷದ ಆಡಿಟ್ ವರದಿ, ಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಸಂಖ್ಯೆ ಕೇಳಿ ಪಡೆಯಿರಿ. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: "ಹೋದ ವರ್ಷ ನಿಮ್ಮ ಯಾವ ಕೆಲಸ ಕೆಟ್ಟಿತು, ಯಾಕೆ?" ನಿಜವಾಗಿ ಊರಲ್ಲಿ ಓಡಾಡಿದವರು ಅರ್ಧ ಗಂಟೆ ಹೇಳುತ್ತಾರೆ. "ಎಲ್ಲಾ ಚೆನ್ನಾಗಿ ಆಯ್ತು ಸರ್" ಅನ್ನುವವರ ಹತ್ತಿರ ನಾನು ದುಡ್ಡು ಕೊಡುವುದಿಲ್ಲ.

ಹಂತ 4: ಯಾವುದಕ್ಕೆ ಕೊಡಬೇಕು

ಬೀಜ. ಮೊದಲ ಸಲ ಕೊಡುವವರಿಗೆ ನಾನು ಹೇಳುವುದು ಇದನ್ನೇ. ತೊಗರಿಗೆ ಎಕರೆಗೆ 4–5 ಕೆಜಿ ಬೀಜ ಸಾಕು. ಸಂಘದಲ್ಲಿ 100 ಕೆಜಿ ಒಳ್ಳೆಯ ಬೀಜ ಇದ್ದರೆ 20 ಎಕರೆಯ ಬಿತ್ತನೆ ಆಗುತ್ತದೆ. ನೆಟೆ ರೋಗ ತಡೆದುಕೊಳ್ಳುವ ಟಿಎಸ್-3ಆರ್, ಜಿಆರ್‌ಜಿ-811ರಂಥ ತಳಿಗಳಲ್ಲಿ ನಿಮ್ಮ ಊರಿನ ಮಣ್ಣಿಗೆ ಯಾವುದು ಸರಿ ಅಂತ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ ತನ್ನಿ. ಇವು ಹೈಬ್ರಿಡ್ ಅಲ್ಲ, ಬೆಳೆದ ಕಾಳಿನಲ್ಲೇ ಮುಂದಿನ ವರ್ಷಕ್ಕೆ ಬೀಜ ಎತ್ತಿಡಬಹುದು.

ತಿರುಗುವ ಲೆಕ್ಕ ಹೀಗೆ: 10 ಕೆಜಿ ಒಯ್ದವರು ರಾಶಿ ಆದ ಮೇಲೆ 12.5 ಕೆಜಿ ತಂದು ಹಾಕಬೇಕು. ಒಂದಕ್ಕೆ ಒಂದೂಕಾಲು. ನೂರು ಕೆಜಿ ಮರುವರ್ಷ 125 ಆಗುತ್ತದೆ, ಅದರ ಮುಂದಿನ ವರ್ಷ 156. ನೀವು ಮತ್ತೆ ಕೊಡದಿದ್ದರೂ ಹೊಸ ಮನೆಗಳು ಸೇರುತ್ತಾ ಹೋಗುತ್ತವೆ. ಬೆಳೆ ಹೋದ ವರ್ಷ ಏನು ಮಾಡಬೇಕು ಅನ್ನುವುದನ್ನು ಮೊದಲೇ ಬರೆದಿಡಿ. ಆ ವರ್ಷ ಮಾಫಿ ಬೇಡ, ಏರಿಸುವುದೂ ಬೇಡ. ಅಷ್ಟೇ ಅಳತೆ ಮುಂದಿನ ರಾಶಿಗೆ ಅಂತ ಮಾಡಿ.

ವಾಪಸ್ ಬರುವ ಬೀಜ ಕಳಪೆ ಇರಬಾರದು. ನೆಟೆ ಬಿದ್ದ ಹೊಲದ ಕಾಳನ್ನು ತೆಗೆದುಕೊಳ್ಳಬಾರದು. ಮೇ ತಿಂಗಳಲ್ಲಿ ಪ್ರತಿ ಚೀಲದಿಂದ ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟು, ಸುತ್ತಿ ನೆರಳಲ್ಲಿಡಿ. ದಿನಾ ನೀರು ಚಿಮುಕಿಸಿ. ಐದಾರು ದಿನಕ್ಕೆ ಬಿಚ್ಚಿ ಎಣಿಸಿದರೆ 75ಕ್ಕಿಂತ ಹೆಚ್ಚು ಮೊಳೆತಿರಬೇಕು. ಕಡಿಮೆ ಇದ್ದರೆ ಆ ಚೀಲ ಬೇಳೆಗೆ ಹೋಗಲಿ. ಗೋಣಿ ಬಿಚ್ಚುವಾಗ ಸಂಘದವರೆಲ್ಲ ಸುತ್ತ ಕೂತಿದ್ದರೆ ಯಾರ ಮೇಲೂ ಯಾರಿಗೂ ಅನುಮಾನ ಬರುವುದಿಲ್ಲ. ಬಿತ್ತುವ ಮುಂಚೆ ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಬೇಕು. ಬೇರಿನ ರೋಗ ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ ಅದು. ಖರ್ಚು ತೀರಾ ಕಡಿಮೆ, ಆದರೂ ಬಿಟ್ಟುಬಿಡುವವರೇ ಜಾಸ್ತಿ.

ಬಿತ್ತನೆಯ ಕೈಸಾಲದ ನಿಧಿ. ಹಂತ 1ರಲ್ಲಿ ಹೇಳಿದ ಮೂರು ರೂಪಾಯಿ ಬಡ್ಡಿಯ ಬದಲು ಸಂಘವೇ ಒಂದು ರೂಪಾಯಿ ಬಡ್ಡಿಗೆ ಕೊಡುವುದು. ಅದೇ 20,000ಕ್ಕೆ ಏಳು ತಿಂಗಳಿಗೆ 1,400 ಆಗುತ್ತದೆ. ಮನೆಗೆ 2,800 ಉಳಿಯಿತು, ಕೊಟ್ಟ ಬಡ್ಡಿಯೂ ಸಂಘದ ಪೆಟ್ಟಿಗೆಯಲ್ಲೇ ಉಳಿಯಿತು. "ಬಡವರಿಗೆ ಬಡ್ಡಿ ಯಾಕೆ, ಹಾಗೇ ಕೊಡಲಿ" ಅಂತ ಒತ್ತಾಯ ಮಾಡುವ ದಾನಿಗಳಿದ್ದಾರೆ. ಮಾಡಬೇಡಿ. ಯಾರದೋ ಮನೆಯಲ್ಲಿ ಸಾವು ಆಗಿ ಸಾಲ ನಿಂತಾಗ ನಿಧಿಯನ್ನು ಕಾಯುವುದು ಆ ಒಂದು ರೂಪಾಯಿಯೇ. ಮೊದಲ ವರ್ಷ ಲಾವಣಿದಾರರಿಗೆ, ಗಂಡ ಇಲ್ಲದವರಿಗೆ ಸರದಿ ಮೊದಲು ಅಂತ ನಿಯಮ ಮಾಡಿಸಿ.

ಆಡು. ಹೊಲ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮನೆಗೆ ಎರಡು ಹೆಣ್ಣಾಡು. ಗಬ್ಬ ಕಟ್ಟಿ ಐದು ತಿಂಗಳಿಗೆ ಮರಿ. ಬೆಳೆದ ಮೊದಲ ಹೆಣ್ಣುಮರಿ ಪಟ್ಟಿಯಲ್ಲಿರುವ ಮುಂದಿನ ಮನೆಗೆ. ಪಾಲಿಗೆ ಸಾಕುವ ಪದ್ಧತಿ ನಮ್ಮಲ್ಲಿ ಮೊದಲಿಂದಲೂ ಇರುವುದರಿಂದ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗುವುದಿಲ್ಲ. ಆದರೆ ಮೂರು ಎಚ್ಚರ. ದೂರದ ರಾಜ್ಯದ ದೊಡ್ಡ ತಳಿ ತರಬೇಡಿ, ನಮ್ಮ ಬಿಸಿಲಿಗೂ ಜಾಲಿ ಕಾಯಿಗೂ ಒಗ್ಗಿದ ಉಸ್ಮಾನಾಬಾದಿ ಆಡು ಸಾಕು, ಅವಳಿ ಮರಿ ಹಾಕುವುದೂ ಅದರಲ್ಲಿ ಸಾಮಾನ್ಯ. ಸಂತೆಯಲ್ಲಿ ಒಂದೇ ದಿನ ನಲವತ್ತು ಆಡು ಕೊಂಡು ಹಂಚಬೇಡಿ. ಒಂದಕ್ಕೆ ಪಿಪಿಆರ್ ಇದ್ದರೆ (ಆಡು ಕುರಿಗಳಿಗೆ ಜ್ವರ, ಭೇದಿ ಬಂದು ಗುಂಪುಗುಂಪಾಗಿ ಸಾಯುವ ರೋಗ) ವಾರದಲ್ಲಿ ಇಡೀ ಊರಿನವು ಹೋಗುತ್ತವೆ. ತಂದವನ್ನು ಎರಡು ಮೂರು ವಾರ ಬೇರೆ ಕಟ್ಟಿ, ಲಸಿಕೆ ಹಾಕಿಸಿ, ಜಂತಿನ ಔಷಧ ಕುಡಿಸಿ, ವಿಮೆಯ ಕಿವಿ ಓಲೆ ಹಾಕಿಸಿ ಆಮೇಲೆ ಕೊಡಿ. ಮೂರನೆಯದು ಬಹಳ ಮುಖ್ಯ: ಮೇಯಿಸುವವರು ಯಾರು ಅಂತ ಕೇಳಿ. ಉತ್ತರ "ಹುಡುಗ ಇದ್ದಾನಲ್ಲ" ಅಂತ ಬಂದರೆ ಕೊಡಬೇಡಿ. ನಿಮ್ಮ ದಾನದಿಂದ ಒಂದು ಮಗು ಶಾಲೆ ಬಿಡಬಾರದು.

ನೀರು. ಬೋರ್‌ವೆಲ್ ಬೇಡ ಅಂತಲೇ ಹೇಳುತ್ತೇನೆ. ಅದು ಯಾರದೋ ಒಬ್ಬರ ಹೊಲದಲ್ಲಿ ಬೀಳುತ್ತದೆ, ನೀರು ಬಂದರೆ ಅವರದಾಗುತ್ತದೆ, ಬರದಿದ್ದರೆ ದುಡ್ಡು ಮಣ್ಣಿಗೆ ಹೋಯಿತು. ಬದು ಹಾಕಿಸುವುದು, ಕೃಷಿ ಹೊಂಡ ತೋಡಿಸುವುದು ಒಳ್ಳೆಯದು. ಮೇಲೆ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ, ಗೋಡೆ ಇಳಿಜಾರು ಇರುವ ಹೊಂಡದಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ನಿಲ್ಲುತ್ತದೆ. ತೊಗರಿ ಹೂವಿನಲ್ಲಿದ್ದಾಗ ಮಳೆ ನಿಂತರೆ ಒಂದು ಎಕರೆಗೆ ಒಂದು ಸಲ ಒಳ್ಳೆಯ ನೀರು ಕೊಡಲು ಅದು ಸಾಕು. ಎರೆ ಮಣ್ಣಿನಲ್ಲಿ ನೀರು ತಕ್ಕಮಟ್ಟಿಗೆ ನಿಲ್ಲುತ್ತದೆ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆಯಲ್ಲಿ ತಾಡಪತ್ರಿ ಹಾಸದಿದ್ದರೆ ಇಂಗಿಹೋಗುತ್ತದೆ. ಕೃಷಿ ಇಲಾಖೆಯ ಸಹಾಯಧನ ಸಿಗುತ್ತದೆಯೇ ಅಂತ ಮೊದಲು ವಿಚಾರಿಸಿ, ರೈತರ ಪಾಲಿನ ಹಣಕ್ಕೆ ಮಾತ್ರ ನೀವು ನಿಲ್ಲಿ. ಸುತ್ತ ಬೇಲಿ ಇಲ್ಲದೆ ಹೊಂಡ ಮುಗಿಯಿತು ಅಂತ ಒಪ್ಪಲೇಬೇಡಿ. ಇಳಿದ ಮಗು, ಕರು ಮೇಲೆ ಹತ್ತಲಾರವು.

ಮಾರಾಟ. ಸಂಘಕ್ಕೊಂದು ಎಲೆಕ್ಟ್ರಾನಿಕ್ ತೂಕದ ಯಂತ್ರ, ಒಂದು ತೇವಾಂಶ ಅಳೆಯುವ ಮೀಟರ್ ಕೊಡಿಸಿ. ಸಣ್ಣ ಖರ್ಚು, ಆದರೆ ಊರಿಗೇ ಬಂದು ಕೊಳ್ಳುವ ವ್ಯಾಪಾರಿಯ ಮುಂದೆ ರೈತರ ದನಿಯೇ ಬದಲಾಗುತ್ತದೆ. ತಮ್ಮ ಚೀಲ ಎಷ್ಟು ಅಂತ ಗೊತ್ತಿದ್ದವರು ದರ ಕೇಳುವ ರೀತಿಯೇ ಬೇರೆ ಅಲ್ವಾ? ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ತೇವಾಂಶ 12%ಕ್ಕಿಂತ ಜಾಸ್ತಿ ಇದ್ದರೆ ಮಾಲು ತಿರುಗಿ ಬರುತ್ತದೆ, ಬಾಡಿಗೆ ದಂಡ. 2025–26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಇತ್ತು. ಊರಲ್ಲೇ ಒಣಗಿಸಿ, ಅಳೆದು, ಹತ್ತು ಮನೆಯ ಮಾಲು ಒಂದೇ ಟೆಂಪೋದಲ್ಲಿ ಕಳಿಸಿದರೆ ಬಾಡಿಗೆಯೂ ಹಂಚಿಹೋಗುತ್ತದೆ.

ಯಂತ್ರಗಳ ಬಗ್ಗೆ ಒಂದು ಮಾತು. ಕೆಲವು ವರ್ಷದ ಹಿಂದೆ ನಾವು ಒಂದಷ್ಟು ಜನ ಚಂದಾ ಹಾಕಿ ಒಂದು ಊರಿಗೆ ಬೇಳೆ ಮಾಡುವ ಸಣ್ಣ ಯಂತ್ರ ಕೊಡಿಸಿದೆವು. ಎರಡು ವರ್ಷದ ಮೇಲೆ ಹೋದಾಗ ಅದು ತಾಡಪತ್ರಿಯ ಕೆಳಗಿತ್ತು, ಬೆಲ್ಟು ಹರಿದಿತ್ತು, ಒಳಗೆ ಕೋಳಿ ಕಾವಿಗೆ ಕೂತಿತ್ತು. ಸಂಘದ ಅಕ್ಕ ಒಬ್ಬರು ಅಂದರು: "ಮಷಿನ್ ಕೊಟ್ರಿ, ಕೆಟ್ರ ನೋಡೋರ್ನ ಕೊಡ್ಲಿಲ್ರಿ." ಆ ಊರಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಎಷ್ಟು ತಾಸು ಬರುತ್ತದೆ ಅಂತಲೂ ನಾವು ವಿಚಾರಿಸಿರಲಿಲ್ಲ. ಯಂತ್ರ ಕೊಡುವುದಾದರೆ ನಡೆಸುವವರಿಗೆ ತರಬೇತಿ, ಬಿಡಿಭಾಗ ಸಿಗುವ ಅಂಗಡಿ, ಎರಡು ವರ್ಷದ ರಿಪೇರಿ ಖರ್ಚು ಎಲ್ಲ ಸೇರಿಸಿಯೇ ಲೆಕ್ಕ ಹಾಕಿ. ಹಸಿರು ಮೇವಿಲ್ಲದ ಊರಿಗೆ ಮಿಶ್ರತಳಿ ಹಸು ಕೊಡುವುದಕ್ಕೂ ಇದೇ ಮಾತು.

ಹಂತ 5: ದುಡ್ಡು ಕಳಿಸುವ ಮುಂಚೆ ಕಾಗದ ಮಾಡಿಕೊಳ್ಳಿ

ಸಂಘ ಒಂದು ಠರಾವು ಬರೆಯಲಿ. ಠರಾವು ಅಂದರೆ ಸಭೆಯಲ್ಲಿ ಎಲ್ಲರೂ ಒಪ್ಪಿ ಸಹಿ ಹಾಕಿದ ನಿರ್ಣಯ. ಯಾತಕ್ಕೆ ದುಡ್ಡು, ಮೊದಲು ಯಾರಿಗೆ, ವಾಪಸ್ ಯಾವಾಗ, ಬೆಳೆ ಹೋದರೆ ಏನು, ಕಟ್ಟದಿದ್ದರೆ ಏನು, ಇಷ್ಟು ಒಂದು ಪುಟದಲ್ಲಿ. ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ನಿಯಮಗಳನ್ನು ಅವರೇ ಮಾಡಲಿ, ನೀವು ಪ್ರಶ್ನೆ ಕೇಳಿ ಸಾಕು. ನೀವು ಬರೆದುಕೊಟ್ಟ ನಿಯಮ ನೀವು ಬಸ್ ಹತ್ತುವವರೆಗೆ ಮಾತ್ರ ನಡೆಯುತ್ತದೆ.

ದುಡ್ಡು ಸಂಘದ ಬ್ಯಾಂಕ್ ಖಾತೆಗೇ ಹೋಗಬೇಕು. ಒಬ್ಬರ ಫೋನಿನ ಕ್ಯೂಆರ್ ಕೋಡ್‌ಗೆ ಬೇಡ, ಅವರು ಎಷ್ಟೇ ಒಳ್ಳೆಯವರಾದರೂ. ಒಂದೇ ಕಂತಲ್ಲಿ ಕೊಡಬೇಡಿ. ಅರ್ಧ ಮೊದಲ ವರ್ಷ, ಅದು ತಿರುಗಿ ಬಂದ ಮೇಲೆ ಉಳಿದರ್ಧ.

ತೆರಿಗೆ ವಿಷಯ ಚುಟುಕಾಗಿ. 80ಜಿ ಅಂತ ಎಲ್ಲರೂ ಕರೆಯುವ ರಿಯಾಯಿತಿ ಅದಕ್ಕೆ ಅನುಮತಿ ಪಡೆದ ಸಂಸ್ಥೆಗೆ ಕೊಟ್ಟರೆ ಮಾತ್ರ. ಸ್ವಸಹಾಯ ಸಂಘಕ್ಕೆ ನೇರವಾಗಿ ಕೊಟ್ಟರೆ ಇಲ್ಲ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೂ ಸಿಗುವುದಿಲ್ಲ. ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಈ ರಿಯಾಯಿತಿಯೇ ಇಲ್ಲ. ಹೊರದೇಶದಲ್ಲಿರುವವರಿಗೆ: ಭಾರತದ ಪಾಸ್‌ಪೋರ್ಟ್ ಇದ್ದರೆ ನಿಮ್ಮ ದುಡ್ಡು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಇದ್ದರೂ, ಅದು ವಿದೇಶಿ ದೇಣಿಗೆಯೇ. ಅದನ್ನು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಇರುವ ಸಂಸ್ಥೆ ಮಾತ್ರ ಪಡೆಯಬಹುದು. ಗೊತ್ತಿಲ್ಲದೆ ಸಣ್ಣ ಸಂಘಕ್ಕೆ ಕಳಿಸಿದರೆ ಆ ಹೆಣ್ಣುಮಕ್ಕಳು ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ಹಂತ 6: ಹೊಲದ ಪಂಚಾಂಗ ನೋಡಿ ಕೊಡಿ

ನಾವು ದಾನ ಮಾಡುವುದು ಹುಟ್ಟುಹಬ್ಬಕ್ಕೆ, ದೀಪಾವಳಿಗೆ, ಇಲ್ಲವೇ ತೆರಿಗೆ ಲೆಕ್ಕ ಮುಗಿಯುವ ಮಾರ್ಚ್‌ಗೆ. ರೈತರಿಗೆ ದುಡ್ಡು ಬೇಕಾಗುವುದು ಮೇ ಕೊನೆಗೆ. ಜೂನ್ ಹದಿನೈದಕ್ಕೆ ಬಂದ ಬೀಜದ ಹಣ ಅಷ್ಟು ಹೊತ್ತಿಗೆ ತಂದ ಕೈಗಡ ತೀರಿಸಲು ಹೋಗುತ್ತದೆ. ಮೇ ಮೊದಲ ವಾರ ಮೊಳಕೆ ಪರೀಕ್ಷೆ, ಮೂರನೇ ವಾರ ಹಣ ಖಾತೆಗೆ, ಜುಲೈನಲ್ಲಿ ವಿಮೆ, ಸೆಪ್ಟೆಂಬರ್‌ಗೆ ಹಿಂಗಾರಿಯ ಕಡಲೆ ಮತ್ತು ಬಿಳಿಜೋಳದ ಬೀಜ. ವಾಪಸ್ ಕಟ್ಟುವ ದಿನವನ್ನೂ ರಾಶಿ ನೋಡಿ ಇಡಿ. ತಿಂಗಳ ಕಂತು ಅಂತ ಮಾಡಿದರೆ ಆ ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಮಾಡುತ್ತಾರೆ. ಕಿರುಸಾಲದ ಕಂಪನಿಗಳ ವಾರದ ಕಂತಿನಿಂದ ನಮ್ಮ ಊರುಗಳು ಪಟ್ಟ ಪಾಡು ಸಾಕು.

ಹಂತ 7: ಲೆಕ್ಕ ನೋಡಿ, ಆಮೇಲೆ ಹಿಂದೆ ಸರಿಯಿರಿ

ವರ್ಷಕ್ಕೆ ಎರಡು ಸಲ ಹೋಗಿ. ಒಮ್ಮೆ ಬಿತ್ತನೆ ಮುಗಿದ ಮೇಲೆ, ಒಮ್ಮೆ ಎಳ್ಳು ಅಮಾವಾಸ್ಯೆಗೆ. ಫೋಟೊ, ಶಾಲು, ಹಾರ ಬೇಡ ಅಂತ ಮೊದಲೇ ಹೇಳಿಬಿಡಿ, ಅದಕ್ಕೂ ಅವರದೇ ದುಡ್ಡು ಖರ್ಚಾಗುತ್ತದೆ. ಎಷ್ಟು ಜನರಿಗೆ ಹಂಚಿದಿರಿ ಅಂತ ಕೇಳಬೇಡಿ. ಇವನ್ನು ಕೇಳಿ: ಈ ವರ್ಷ ಹೊರಗಿನ ಬಡ್ಡಿ ಸಾಲ ಎಷ್ಟು ಮನೆಗಳಲ್ಲಿ ಕಡಿಮೆಯಾಯಿತು? ಗುಳೆ ಹೋಗುವವರು ಒಂದು ತಿಂಗಳಾದರೂ ತಡವಾಗಿ ಹೋದರಾ? ತೊಗರಿಯನ್ನು ಸ್ವಲ್ಪ ದಿನ ತಡೆದು ಮಾರಿದವರು ಯಾರು? ಯಾರಾದರೂ ಕಟ್ಟದಿದ್ದರೆ ಹಳ್ಳಿಗೆಲ್ಲ ಕೇಳುವ ಹಾಗೆ ಹೆಸರು ಕೂಗಬೇಡಿ. ಅವರ ಮನೆಗೆ ಸಂಘದ ಇಬ್ಬರು ಹೋಗಿ ಕಾರಣ ಕೇಳಲಿ. ಹತ್ತರಲ್ಲಿ ಒಂಬತ್ತು ಸಲ ಕಾರಣ ಆಸ್ಪತ್ರೆಯೇ ಆಗಿರುತ್ತದೆ ಅನ್ನುವುದು ನನ್ನ ಅನುಭವ.

ಮೂರನೇ ವರ್ಷದ ರಾಶಿ ಆದ ಮೇಲೆ ಸಂಘದ ಸಭೆಯಲ್ಲಿ ಕೂತು, ಇನ್ನು ಮುಂದೆ ನಾನು ದುಡ್ಡು ಹಾಕುವುದಿಲ್ಲ ಅಂತ ಹೇಳಿ. ಇದನ್ನು ಮೊದಲ ದಿನವೇ ಠರಾವಿನಲ್ಲಿ ಬರೆಸಿರಬೇಕು. ಅಷ್ಟು ಹೊತ್ತಿಗೆ ಸಂಘದ ಲೆಕ್ಕ ಚೊಕ್ಕವಾಗಿದ್ದರೆ ಬ್ಯಾಂಕಿನಿಂದ ಸಂಘದ ಹೆಸರಲ್ಲೇ ಸಾಲ ಸಿಗುತ್ತದೆ. 1992ರಲ್ಲಿ ನಬಾರ್ಡ್ (ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್) ಶುರುಮಾಡಿದ, ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ದಾರಿ ಇರುವುದೇ ಅದಕ್ಕೆ. ಬ್ಯಾಂಕಿನ ವ್ಯವಸ್ಥಾಪಕರ ಹತ್ತಿರ ಮೊದಲ ಸಲ ಜೊತೆಗೆ ಹೋಗಿ, ಆದರೆ ಮಾತು ಅವರೇ ಆಡಲಿ. ಅಧ್ಯಕ್ಷರು, ಕಾರ್ಯದರ್ಶಿ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಲೆಕ್ಕ ಬರೆಯಲು ಕನಿಷ್ಠ ಇಬ್ಬರಿಗೆ ಬರಬೇಕು, ಒಬ್ಬರು ಮದುವೆಯಾಗಿ ಬೇರೆ ಊರಿಗೆ ಹೋದರೂ ಪುಸ್ತಕ ನಿಲ್ಲಬಾರದು. ಇವಿಷ್ಟು ಆಗಿದೆಯೇ ಅಂತ ಆ ಸಭೆಯಲ್ಲೇ ನೋಡಿಕೊಳ್ಳಿ. ಆಗಿಲ್ಲದಿದ್ದರೆ ದುಡ್ಡಿಲ್ಲದೆ ಇನ್ನೊಂದು ವರ್ಷ ಹೋಗಿ ಬನ್ನಿ, ಲೆಕ್ಕ ಬರೆಯುವ ಎರಡನೇ ಹುಡುಗಿಯ ಪಕ್ಕ ಕೂತು ಕಲಿಸಿ.